ಕಾರಿನ ಏರ್ ಇನ್‌ಟೇಕ್ ಬದಲಾವಣೆ: ಖರ್ಚು, ಲಾಭ ಮತ್ತು ಹೊಣೆಗಾರಿಕೆ

ಸಂಸ್ಥೆಯ ಹೆಸರಿನಲ್ಲಿ ಕಾರು ಕೊಳ್ಳುವಾಗ ಹಿಂದೆ ಮಾಲೀಕರು ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಿದ್ದರು: ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ, ಮಾರಿದರೆ ಎಷ್ಟು ಬೆಲೆ ಬರುತ್ತದೆ. ವ್ಯವಹಾರದ ಹೊಣೆ ಮುಂದಿನ ಪೀಳಿಗೆಗೆ ಬಂದಂತೆ ಮೂರನೆಯ ಪ್ರಶ್ನೆಯೊಂದು ಸೇರಿಕೊಂಡಿದೆ: ಎಂಜಿನ್ನಿನ ಶಕ್ತಿ ಎಷ್ಟು? ಮಾರುಕಟ್ಟೆಯೂ ಇದಕ್ಕೆ ಸ್ಪಂದಿಸಿದೆ. 2022ರಲ್ಲಿ ಬಂದ ಫೋಕ್ಸ್‌ವ್ಯಾಗನ್ ವರ್ಟಸ್ ಮತ್ತು ಸ್ಕೋಡಾ ಸ್ಲಾವಿಯಾ ಕಾರುಗಳ 1.5 ಲೀಟರ್ ಟರ್ಬೊ ಎಂಜಿನ್ 150 ಪಿಎಸ್ ಶಕ್ತಿಯದು. 2023ರಲ್ಲಿ ಬಂದ ಹ್ಯುಂಡೈ ವರ್ನಾದ 1.5 ಲೀಟರ್ ಟರ್ಬೊ 160 ಪಿಎಸ್ ಶಕ್ತಿಯದು. 2025ರ ಅಕ್ಟೋಬರಿನಲ್ಲಿ ಭಾರತಕ್ಕೆ ಕೇವಲ 100 ಸಂಖ್ಯೆಯಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 265 ಪಿಎಸ್‌ನದು. (ಪಿಎಸ್ ಎಂಬುದು ಅಶ್ವಶಕ್ತಿಯ ಮೆಟ್ರಿಕ್ ಮಾನ.)

ಇಂತಹ ಸ್ಪೋರ್ಟ್ಸ್ ಸೆಡಾನ್ ಕೊಂಡವರು ಅನೇಕ ವೇಳೆ ಮೊದಲು ಬದಲಿಸಬಯಸುವ ಭಾಗವೆಂದರೆ ಎಂಜಿನ್ನಿಗೆ ಗಾಳಿ ಒದಗಿಸುವ ವ್ಯವಸ್ಥೆ, ಅಂದರೆ ಏರ್ ಇನ್‌ಟೇಕ್. ಆ ಖರ್ಚಿನ ಬಿಲ್ಲು ‘ವಾಹನ ದುರಸ್ತಿ’ ಎಂಬ ಶೀರ್ಷಿಕೆಯಡಿ ಲೆಕ್ಕ ಪರಿಶೋಧಕನ ಮೇಜಿಗೆ ಬರುತ್ತದೆ. ಈ ಖರ್ಚಿನಿಂದ ದೊರೆಯುವುದೇನು, ಇದರೊಂದಿಗೆ ಅಂಟಿಕೊಂಡು ಬರುವ ಹೊಣೆಗಳಾವುವು, ಕೊಳ್ಳಲೇಬೇಕೆಂದಿದ್ದರೆ ಯಾವುದನ್ನು ಕೊಳ್ಳಬೇಕು ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಪ್ರಸ್ತುತ ಲೇಖನದ ಉದ್ದೇಶ.

ಎಂಜಿನ್ನಿನ ನಿಜವಾದ ಕಚ್ಚಾವಸ್ತು

ಕಾರಿನ ಖರ್ಚೆಂದರೆ ಪೆಟ್ರೋಲ್ ಎಂದೇ ನಾವು ಭಾವಿಸುತ್ತೇವೆ. ಆದರೆ ತೂಕದ ಲೆಕ್ಕದಲ್ಲಿ ಎಂಜಿನ್ ಹೆಚ್ಚಾಗಿ ಬಳಸುವುದು ಗಾಳಿಯನ್ನು. ಒಂದು ಕಿಲೋ ಪೆಟ್ರೋಲ್ ಸಂಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುವುದರಿಂದ, ಅದಕ್ಕೆ ಬೇಕಾಗುವ ಗಾಳಿ ಹೆಚ್ಚುಕಡಿಮೆ 11 ಕಿಲೋ. ಸಮುದ್ರಮಟ್ಟದಲ್ಲಿ 30 ಡಿಗ್ರಿ ಉಷ್ಣತೆಯಲ್ಲಿ ಇಷ್ಟು ಗಾಳಿಯ ಗಾತ್ರ 9,000 ಲೀಟರಿಗೂ ಮಿಕ್ಕುತ್ತದೆ. ವರ್ಷಕ್ಕೆ 12,000 ಕಿ.ಮೀ. ಓಡುವ, ಲೀಟರಿಗೆ 12 ಕಿ.ಮೀ. ಕೊಡುವ ಕಾರು ವರ್ಷಕ್ಕೆ 1,000 ಲೀಟರ್ ಪೆಟ್ರೋಲಿನ ಜತೆ 90 ಲಕ್ಷ ಲೀಟರಿಗೂ ಹೆಚ್ಚು ಗಾಳಿಯನ್ನು ಸೇವಿಸುತ್ತದೆ.

ಈ ಗಾಳಿ ಪುಕ್ಕಟೆಯಾಗಿ ದೊರೆಯುತ್ತದೆ. ಆದರೆ ಶುದ್ಧವಾಗಿ ದೊರೆಯುವುದಿಲ್ಲ. ಕಾರ್ಖಾನೆಗೆ ಬರುವ ಕಚ್ಚಾವಸ್ತುವನ್ನು ಪರೀಕ್ಷಿಸಿ ಒಳಗೆ ಬಿಡುವಂತೆ, ಇಲ್ಲಿ ಆ ಕೆಲಸವನ್ನು ಮಾಡುವುದು ಏರ್ ಫಿಲ್ಟರ್. ಕಾರಿನ ಇನ್‌ಟೇಕ್ ವ್ಯವಸ್ಥೆಯಲ್ಲಿ ಸ್ಥೂಲವಾಗಿ ನಾಲ್ಕು ಅಂಗಗಳಿರುತ್ತವೆ: ಮುಂಭಾಗದಿಂದ ತಂಪು ಗಾಳಿ ತರುವ ನಾಳ, ಫಿಲ್ಟರ್ ಕೂರುವ ಮುಚ್ಚಿದ ಪೆಟ್ಟಿಗೆ, ಫಿಲ್ಟರ್, ಮತ್ತು ಅಲ್ಲಿಂದ ಎಂಜಿನ್ನಿಗೆ ಅಥವಾ ಟರ್ಬೊಗೆ ಹೋಗುವ ಕೊಳವೆ. ಇವುಗಳ ಜತೆಗೆ ಶಬ್ದವನ್ನು ತಗ್ಗಿಸುವ ಸಣ್ಣ ಪೊಳ್ಳು ಕೋಣೆಯೂ ಸಾಮಾನ್ಯವಾಗಿ ಇರುತ್ತದೆ. ತಯಾರಕರು ಇದನ್ನು ರೂಪಿಸುವಾಗ ಶಕ್ತಿಯ ಜತೆಗೆ ಶಬ್ದ, ಧೂಳು, ಮಳೆನೀರು, ಬಾಳಿಕೆ ಮತ್ತು ವೆಚ್ಚ, ಇಷ್ಟನ್ನೂ ತೂಗಿ ನೋಡಿರುತ್ತಾರೆ. ಹೊರಮಾರುಕಟ್ಟೆಯ ಇನ್‌ಟೇಕ್ ತಯಾರಕರಲ್ಲಿ ಅನೇಕರು ಈ ತಕ್ಕಡಿಯಲ್ಲಿ ಶಕ್ತಿ ಮತ್ತು ಶಬ್ದದ ತಟ್ಟೆಗೆ ಹೆಚ್ಚು ತೂಕ ಇಡುತ್ತಾರೆ.

ನಾಲ್ಕು ಬಗೆಗಳು

ಮಾರುಕಟ್ಟೆಯಲ್ಲಿ ದೊರೆಯುವ ಇನ್‌ಟೇಕ್‌ಗಳನ್ನು ಈ ಕೆಳಗಿನಂತೆ ವಿಂಗಡಿಸಬಹುದು.

1. ಮೂಲ ಪೆಟ್ಟಿಗೆಯಲ್ಲೇ ಕೂರುವ ಬದಲಿ ಫಿಲ್ಟರ್. ಕಾಗದದ ಫಿಲ್ಟರಿನ ಜಾಗದಲ್ಲಿ ಎಣ್ಣೆ ಸವರಿದ ಹತ್ತಿಬಟ್ಟೆಯ ಅಥವಾ ಫೋಮ್‌ನ ಫಿಲ್ಟರ್ ಇಡಲಾಗುತ್ತದೆ. ತೊಳೆದು ಮತ್ತೆ ಬಳಸಬಹುದು. 1969ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಕೆ ಅಂಡ್ ಎನ್ ಸಂಸ್ಥೆಯ ಹತ್ತಿಯ ಫಿಲ್ಟರುಗಳು ಈ ಬಗೆಯಲ್ಲಿ ಹೆಸರುವಾಸಿಯಾಗಿವೆ.

2. ಬಾನೆಟ್ಟಿನ ಒಳಗೆ ತೆರೆದಿರುವ ಶಂಕುವಿನಾಕಾರದ ಫಿಲ್ಟರ್. ಮೂಲ ಪೆಟ್ಟಿಗೆಯನ್ನು ತೆಗೆದುಹಾಕಿ, ಗಿಡ್ಡ ಕೊಳವೆಯ ತುದಿಗೆ ಇದನ್ನು ಸಿಕ್ಕಿಸುತ್ತಾರೆ. ಬೆಲೆ ಕಡಿಮೆ, ಶಬ್ದ ಹೆಚ್ಚು.

3. ಉದ್ದನೆಯ ಕೊಳವೆಯ ಮೂಲಕ ಬಂಪರಿನ ಹಿಂದೆ, ತಗ್ಗಿನಲ್ಲಿ ಕೂರುವ ಫಿಲ್ಟರ್. ಎಂಜಿನ್ನಿನ ಶಾಖದಿಂದ ದೂರವಿರುವ ತಂಪು ಗಾಳಿಯನ್ನು ಎಳೆದುಕೊಳ್ಳುವುದು ಇದರ ಗುರಿ.

4. ಸಂಪೂರ್ಣ ಮುಚ್ಚಿದ ಪೆಟ್ಟಿಗೆಯೊಳಗಿನ ಫಿಲ್ಟರ್. ಮುಂಭಾಗದ ನಾಳದಿಂದ ಗಾಳಿ ನೇರವಾಗಿ ಪೆಟ್ಟಿಗೆಗೆ ಬರುತ್ತದೆ. ಬೆಲೆ ದುಬಾರಿ, ರಚನೆ ಮೂಲ ವ್ಯವಸ್ಥೆಗೆ ಅತ್ಯಂತ ಸಮೀಪ.

ಶಕ್ತಿ ಎಷ್ಟು ಹೆಚ್ಚುತ್ತದೆ?

‘ಶೇ. 10ರಷ್ಟು ಹೆಚ್ಚು ಶಕ್ತಿ’ ಎಂಬಂತಹ ಮಾತುಗಳು ಈ ವ್ಯಾಪಾರದಲ್ಲಿ ಕೇಳಿಬರುವುದುಂಟು. ಇದನ್ನು ಪರೀಕ್ಷಿಸಲು ಎಂಜಿನಿಯರ್ ಆಗಬೇಕಾಗಿಲ್ಲ. ಶೇಕಡಾವಾರು ಲೆಕ್ಕ ಬಂದರೆ ಸಾಕು.

ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡ ಸುಮಾರು 1,033 ಸೆಂಟಿಮೀಟರ್ ನೀರಿನ ಕಂಬಕ್ಕೆ ಸಮ. ಫಿಲ್ಟರ್ ಮತ್ತು ಕೊಳವೆಗಳು ಗಾಳಿಯ ಹರಿವಿಗೆ ಒಡ್ಡುವ ತಡೆಯಿಂದಾಗಿ ಎಂಜಿನ್ನಿನ ಬಾಯಿಗೆ ತಲಪುವಾಗ ಈ ಒತ್ತಡ ಕೊಂಚ ಕುಗ್ಗಿರುತ್ತದೆ. ಯು ಆಕಾರದಲ್ಲಿ ಬಗ್ಗಿಸಿ ನೀರು ತುಂಬಿದ ಪಾರದರ್ಶಕ ನಳಿಕೆಯ ಒಂದು ತುದಿಯನ್ನು ಫಿಲ್ಟರಿನ ನಂತರದ ಕೊಳವೆಗೆ ಜೋಡಿಸಿ, ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಎಂಜಿನ್ನನ್ನು ಪೂರ್ಣ ವೇಗಕ್ಕೆ ಒಯ್ದರೆ, ಆ ಕುಗ್ಗುವಿಕೆ ಎಷ್ಟೆಂಬುದನ್ನು ನೀರಿನ ಮಟ್ಟದ ವ್ಯತ್ಯಾಸವೇ ತೋರಿಸುತ್ತದೆ. ಉದಾಹರಣೆಗೆ ವ್ಯತ್ಯಾಸ 20 ಸೆಂ.ಮೀ. ಇದೆ ಎನ್ನೋಣ. ಅಂದರೆ ಇಡೀ ಇನ್‌ಟೇಕ್ ವ್ಯವಸ್ಥೆಯಿಂದ ಆಗುತ್ತಿರುವ ನಷ್ಟ ಶೇ. 2ಕ್ಕಿಂತ ಕಡಿಮೆ. ಫಿಲ್ಟರ್, ಕೊಳವೆ ಎಲ್ಲವನ್ನೂ ಕಿತ್ತೆಸೆದರೂ ಮರಳಿ ದೊರೆಯುವುದು ಆ ಶೇ. 2 ಮಾತ್ರ. ಒಳ್ಳೆಯ ಇನ್‌ಟೇಕ್ ಅದರಲ್ಲಿ ಅರ್ಧವನ್ನು ಉಳಿಸಿಕೊಟ್ಟರೆ ಲಾಭ ಶೇ. 1. ಸೋರುತ್ತಿರುವುದೇ ಇಷ್ಟಾದರೆ ಉಳಿಸಬಹುದಾದದ್ದು ಅದಕ್ಕಿಂತ ಹೆಚ್ಚಾಗಲಾರದು. ಕೊಳ್ಳುವ ಮೊದಲೇ ಲಾಭದ ಮೇಲ್ಮಿತಿಯನ್ನು ತಿಳಿಸಿಕೊಡುವ ಈ ಅಳತೆಯನ್ನು ಡೈನೊ ಸೌಲಭ್ಯವುಳ್ಳ ಯಾವುದೇ ಉತ್ತಮ ಗ್ಯಾರೇಜಿನಲ್ಲಿ ಮಾಡಿಸಿಕೊಳ್ಳಬಹುದು.

ಮೇಲಿನದು ಟರ್ಬೊ ಇಲ್ಲದ ಎಂಜಿನ್ನಿನ ಲೆಕ್ಕ. ನಾವು ಮೇಲೆ ಹೆಸರಿಸಿದ ಕಾರುಗಳೆಲ್ಲ ಟರ್ಬೊ ಉಳ್ಳವು. ಇವುಗಳಲ್ಲಿ ಎಂಜಿನ್ನಿನ ಕಂಪ್ಯೂಟರು ಗಾಳಿಯ ಒತ್ತಡ ಎಷ್ಟಿರಬೇಕೆಂದು ಮೊದಲೇ ನಿಗದಿಪಡಿಸಿರುತ್ತದೆ. ತಡೆ ಕಡಿಮೆಯಾದರೆ ಟರ್ಬೊ ಕೊಂಚ ಕಡಿಮೆ ದುಡಿದು ಅದೇ ನಿಗದಿತ ಒತ್ತಡವನ್ನು ತಲಪುತ್ತದೆಯೇ ಹೊರತು, ಕಂಪ್ಯೂಟರು ನಿಗದಿಗಿಂತ ಹೆಚ್ಚಿಗೆ ಬಿಡುವುದಿಲ್ಲ. ಎಂಜಿನ್ನಿನ ಸ್ಪಂದನೆ ತುಸು ಚುರುಕಾಗಬಹುದು. ಗರಿಷ್ಠ ಶಕ್ತಿಯಲ್ಲಿ ದೊಡ್ಡ ಬದಲಾವಣೆ ನಿರೀಕ್ಷಿಸುವಂತಿಲ್ಲ. ಕಂಪ್ಯೂಟರಿನ ಪ್ರೋಗ್ರಾಮನ್ನೇ ಬದಲಿಸಿ ಒತ್ತಡ ಹೆಚ್ಚಿಸಿಕೊಂಡವರಿಗೆ ಮಾತ್ರ ಹೆಚ್ಚು ಗಾಳಿ ಬಿಡುವ ಇನ್‌ಟೇಕ್ ನಿಜವಾಗಿ ಪ್ರಯೋಜನಕ್ಕೆ ಬರುತ್ತದೆ. ಆದರೆ ಅದು ವಾರಂಟಿಯ ದೃಷ್ಟಿಯಿಂದ ಇನ್ನೂ ದೊಡ್ಡ ಹೆಜ್ಜೆ.

ಉಷ್ಣತೆಯ ಲೆಕ್ಕವನ್ನೂ ನೋಡಬೇಕು. ಗಾಳಿ ಕಾದಷ್ಟೂ ತೆಳುವಾಗುತ್ತದೆ. ಹೊರಗಿನ ಗಾಳಿ 30 ಡಿಗ್ರಿ ಇದ್ದು, ಬಾನೆಟ್ಟಿನ ಒಳಗಿನ ಗಾಳಿ 55 ಡಿಗ್ರಿಗೆ ಏರಿದ್ದರೆ ಅದರ ಸಾಂದ್ರತೆ ಶೇ. 7ಕ್ಕಿಂತ ಹೆಚ್ಚು ಇಳಿಯುತ್ತದೆ. ಟರ್ಬೊ ಕಾರುಗಳಲ್ಲಿ ಇಂಟರ್‌ಕೂಲರ್ ಈ ಶಾಖದ ಒಂದು ಪಾಲನ್ನು ಹೊರಹಾಕುತ್ತದೆ ನಿಜ. ಆದರೂ ಎರಡನೆಯ ಬಗೆಯ ತೆರೆದ ಫಿಲ್ಟರ್ ಶೇ. 1ರ ಲಾಭಕ್ಕಾಗಿ ಬಿಸಿಗಾಳಿಯನ್ನು ಬರಮಾಡಿಕೊಳ್ಳುವುದು ಅಸಲಿಗೇ ಹೊಡೆತ ಬೀಳುವ ವ್ಯಾಪಾರ. ನಗರದ ದಟ್ಟಣೆಯಲ್ಲಿ ಆಮೆವೇಗದಲ್ಲಿ ಸಾಗುವ ಕಾರಿಗಂತೂ ಇದು ಹೆಚ್ಚು ಅನ್ವಯಿಸುತ್ತದೆ.

ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹೆಚ್ಚುಕಡಿಮೆ ಶೇ. 10ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಲ್ಲಿ ಅಷ್ಟೇ ಪ್ರಮಾಣದಲ್ಲಿ ಸೊರಗುತ್ತದೆ. ಯಾವ ಇನ್‌ಟೇಕ್ ಕೂಡ ಅದನ್ನು ತುಂಬಿಕೊಡಲಾರದು. ಆದುದರಿಂದ ಬೇರೆ ಊರಿನಲ್ಲಿ, ಬೇರೆ ಹವೆಯಲ್ಲಿ ತೆಗೆದ ಎರಡು ಡೈನೊ ವರದಿಗಳನ್ನು ಪಕ್ಕದಲ್ಲಿಟ್ಟು ‘ಹಿಂದೆ ಇಷ್ಟು, ಈಗ ಇಷ್ಟು’ ಎಂದು ತೋರಿಸಿದರೆ ನಂಬಬಾರದು. ಒಂದೇ ಕಾರು, ಒಂದೇ ಯಂತ್ರ, ಒಂದೇ ದಿನ, ಕನಿಷ್ಠ ಮೂರು ಸಲದ ಅಳತೆ ಇದ್ದರೆ ಮಾತ್ರ ಅದು ಪುರಾವೆ.

ಇನ್ನು ಶಬ್ದದ ವಿಷಯ. ಮೂಲ ವ್ಯವಸ್ಥೆಯ ಪೊಳ್ಳು ಕೋಣೆಯನ್ನು ತೆಗೆದೊಡನೆ ಎಂಜಿನ್ ಗಾಳಿ ಎಳೆದುಕೊಳ್ಳುವ ಸದ್ದು, ಟರ್ಬೊದ ಸಿಳ್ಳು ಕಿವಿಗೆ ಬೀಳತೊಡಗುತ್ತವೆ. ಸದ್ದು ಹೆಚ್ಚಿದಾಗ ವೇಗವೂ ಹೆಚ್ಚಿದೆ ಎಂದು ಮನಸ್ಸಿಗೆ ಅನ್ನಿಸುವುದು ಸಹಜ. ಆ ಸದ್ದಿಗಾಗಿಯೇ ಹಣ ಕೊಡುವವರನ್ನು ಆಕ್ಷೇಪಿಸಬೇಕಾಗಿಲ್ಲ. ಆದರೆ ಕೊಂಡದ್ದು ಸದ್ದನ್ನೇ ಹೊರತು ಶಕ್ತಿಯನ್ನಲ್ಲ ಎಂಬ ಅರಿವು ಇರಬೇಕು.

ಹಿಡಿದದ್ದನ್ನಲ್ಲ, ಬಿಟ್ಟದ್ದನ್ನು ಎಣಿಸಿ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ನಾವು ಅವಕಾಶ ಬಳಸಿಕೊಳ್ಳುವ ಅರ್ಥದಲ್ಲಿ ಹೇಳುತ್ತೇವೆ. ಆದರೆ ತೂರುವ ಕೆಲಸದ ಮೂಲ ಉದ್ದೇಶ ಜೊಳ್ಳನ್ನು ಬೇರ್ಪಡಿಸುವುದು. ಫಿಲ್ಟರಿನ ಕೆಲಸವೂ ಅದೇ. ಇನ್‌ಟೇಕ್ ಆಯ್ಕೆಯಲ್ಲಿ ಅತ್ಯಂತ ಮುಖ್ಯವಾದದ್ದೂ, ಅತ್ಯಂತ ಕಡಿಮೆ ವಿಚಾರಿಸಲ್ಪಡುವುದೂ ಇದೇ ಅಂಶ.

ಒಂದು ಫಿಲ್ಟರ್ ಧೂಳಿನ ಶೇ. 99.5ನ್ನು ಹಿಡಿಯುತ್ತದೆ, ಇನ್ನೊಂದು ಶೇ. 98ನ್ನು ಹಿಡಿಯುತ್ತದೆ ಎನ್ನೋಣ. ಮೇಲುನೋಟಕ್ಕೆ ಅಂತರ ಕೇವಲ ಒಂದೂವರೆ. ಆದರೆ ಉದ್ದರಿ ವ್ಯಾಪಾರ ಮಾಡುವ ಯಾವ ವರ್ತಕರೂ ಹೀಗೆ ಲೆಕ್ಕ ಹಾಕುವುದಿಲ್ಲ. ವಸೂಲಾತಿ ಶೇ. 99.5 ಇದ್ದರೆ ಮುಳುಗಿದ್ದು ಅರ್ಧ, ಶೇ. 98 ಇದ್ದರೆ ಮುಳುಗಿದ್ದು ಎರಡು. ಅಂದರೆ ನಾಲ್ಕು ಪಟ್ಟು. ಹಾಗೆಯೇ ಎರಡನೆಯ ಫಿಲ್ಟರ್ ಎಂಜಿನ್ನಿಗೆ ನಾಲ್ಕು ಪಟ್ಟು ಧೂಳನ್ನು ಬಿಡುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ಒಂದು ಮಿಲಿಗ್ರಾಂ ಧೂಳಿದೆ ಎಂದು ಅಂದಾಜಿಸಿದರೆ, ನಮ್ಮ ಉದಾಹರಣೆಯ ಕಾರಿನ ಫಿಲ್ಟರಿಗೆ ವರ್ಷಕ್ಕೆ ಸುಮಾರು 9 ಗ್ರಾಂ ಧೂಳು ಬರುತ್ತದೆ. ಅದರಲ್ಲಿ ಮೊದಲ ಫಿಲ್ಟರ್ ಒಳಬಿಡುವುದು ಸುಮಾರು 45 ಮಿಲಿಗ್ರಾಂ, ಎರಡನೆಯದು ಸುಮಾರು 180 ಮಿಲಿಗ್ರಾಂ. ಕ್ವಾರಿ, ಕಟ್ಟಡ ಕಾಮಗಾರಿ ಅಥವಾ ಮಣ್ಣು ರಸ್ತೆಯ ಆಸುಪಾಸಿನಲ್ಲಿ ಓಡಾಡುವ ಕಾರಿಗೆ ಧೂಳಿನ ಪ್ರಮಾಣ ಇನ್ನೂ ಹೆಚ್ಚು. ಈ ಧೂಳು ಟರ್ಬೊದ ರೆಕ್ಕೆಗಳನ್ನೂ, ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆಯನ್ನೂ ಸವೆಸುತ್ತದೆ. ಎಂಜಿನ್ ಆಯಿಲಿಗೂ ಸೇರುತ್ತದೆ. ಸವೆತ ಒಂದೆರಡು ವರ್ಷ ಕಣ್ಣಿಗೆ ಬೀಳುವುದಿಲ್ಲ. ಆಯಿಲ್ ಖರ್ಚಾಗತೊಡಗಿದಾಗ ತಿಳಿಯುತ್ತದೆ. ಆ ವೇಳೆಗೆ ಬಿಲ್ಲು ಲಕ್ಷಗಳಲ್ಲಿ ಇರುತ್ತದೆ.

ಏರ್ ಫಿಲ್ಟರುಗಳ ಪರೀಕ್ಷೆಗೆಂದೇ ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಗಾಳಿಗೆ ಒಡ್ಡುವ ತಡೆ, ಧೂಳು ಹಿಡಿಯುವ ಶೇಕಡಾ ಪ್ರಮಾಣ, ತುಂಬುವ ಮೊದಲು ಹಿಡಿದಿಟ್ಟುಕೊಳ್ಳಬಲ್ಲ ಧೂಳಿನ ತೂಕ, ಈ ಮೂರನ್ನೂ ನಿಗದಿತ ಪರೀಕ್ಷಾ ಧೂಳನ್ನು ಬಳಸಿ ಅಳೆಯುವ ಕ್ರಮ ಅದರಲ್ಲಿದೆ. ಮಾರಾಟಗಾರರಲ್ಲಿ ಕೇಳಬೇಕಾದ ಮೊದಲ ದಾಖಲೆ ಇದೇ. ಮೂರು ಅಂಕಿಗಳೂ ಒಟ್ಟಿಗೆ ಇರಬೇಕು. ಗಾಳಿ ಹೆಚ್ಚು ಬಿಡುವ ಅಂಕಿಯನ್ನು ಮಾತ್ರ ಕೊಟ್ಟರೆ ಅದು ಜಮಾ ತೋರಿಸಿ ಖರ್ಚು ಮರೆಮಾಚಿದ ಲೆಕ್ಕ.

ಹತ್ತಿಯ ಫಿಲ್ಟರಿನ ಬಗ್ಗೆ ಒಂದು ಎಚ್ಚರಿಕೆ. ತೊಳೆದ ಬಳಿಕ ಎಣ್ಣೆಯನ್ನು ಅಳತೆ ಮೀರಿ ಸವರಿದರೆ, ಗಾಳಿಯ ಪ್ರಮಾಣವನ್ನು ಬಿಸಿ ತಂತಿಯ ಮೂಲಕ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಆ ಎಣ್ಣೆ ತಂತಿಗೆ ಅಂಟಿ ಅಳತೆ ತಪ್ಪಬಹುದು. ಕಡಿಮೆ ಸವರಿದರೆ ಧೂಳು ನುಸುಳುತ್ತದೆ. ಆದ್ದರಿಂದ ಇದು ತೊಳೆದು ಒಣಗಿಸಿ ಹದವಾಗಿ ಎಣ್ಣೆ ಹಚ್ಚುವ ತಾಳ್ಮೆ ಇರುವವರಿಗೆ ಮಾತ್ರ.

ಐದು ವರ್ಷಗಳ ಲೆಕ್ಕ

ಬೆಲೆಗಳು ಕಾರಿನಿಂದ ಕಾರಿಗೆ ಬದಲಾಗುವುದರಿಂದ ಕೆಳಗಿನವು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡ ಅಂಕಿಗಳು ಮಾತ್ರ. ಓದುಗರು ತಮ್ಮ ಕಾರಿನ ಬೆಲೆಗಳನ್ನು ಹಾಕಿ ನೋಡಬಹುದು. ಅವಧಿ 5 ವರ್ಷ, ಓಟ 60,000 ಕಿ.ಮೀ.

ಕಾಗದದ ಮೂಲ ಫಿಲ್ಟರ್: ಒಂದಕ್ಕೆ 800 ರೂ., 15,000 ಕಿ.ಮೀ.ಗೊಮ್ಮೆ ಬದಲಾವಣೆ, ನಾಲ್ಕು ಸಲ. ಒಟ್ಟು 3,200 ರೂ.

ತೊಳೆದು ಬಳಸುವ ಬದಲಿ ಫಿಲ್ಟರ್: ಫಿಲ್ಟರಿಗೆ 6,000 ರೂ., ತೊಳೆಯುವ ಸಾಮಗ್ರಿಗೆ 1,500 ರೂ. ಒಟ್ಟು 7,500 ರೂ.

ಮುಚ್ಚಿದ ಪೆಟ್ಟಿಗೆಯ ಪೂರ್ಣ ಕಿಟ್: ಕಿಟ್ಟಿಗೆ 40,000 ರೂ., ಜೋಡಣೆಗೆ 3,000 ರೂ., ತೊಳೆಯುವ ಸಾಮಗ್ರಿಗೆ 1,500 ರೂ. ಒಟ್ಟು 44,500 ರೂ.

‘ಒಮ್ಮೆ ಕೊಂಡರೆ ಸಾಕು, ಮತ್ತೆ ಖರ್ಚಿಲ್ಲ’ ಎಂಬ ಮಾತಿಗೆ ಮರುಳಾಗುವ ಮೊದಲು ಎರಡನೆಯ ಸಾಲನ್ನು ನೋಡಿ. 7,500 ರೂಪಾಯಿಗೆ ಒಂಬತ್ತು ಕಾಗದದ ಫಿಲ್ಟರುಗಳು ಬರುತ್ತವೆ. ಬಂಡವಾಳ ಹಿಂದಿರುಗಬೇಕಾದರೆ ಕಾರು ಸುಮಾರು 1.40 ಲಕ್ಷ ಕಿ.ಮೀ. ಓಡಬೇಕು, ನಮ್ಮ ಉದಾಹರಣೆಯ ಕಾರಿಗೆ ಅದು ಹನ್ನೊಂದು ವರ್ಷಗಳಿಗೂ ಮೀರಿದ ಅವಧಿ. ಮೂರನೆಯ ಸಾಲಿನಲ್ಲಿ ಹೆಚ್ಚುವರಿ ಖರ್ಚು 41,300 ರೂ. ಅದರಿಂದ 3 ಪಿಎಸ್ ದೊರೆಯಿತೆಂದೇ ಇಟ್ಟುಕೊಂಡರೂ ಒಂದೊಂದು ಪಿಎಸ್‌ಗೆ ತೆತ್ತ ಬೆಲೆ ಸುಮಾರು 13,800 ರೂ. ಅದೇ ಮೊತ್ತವನ್ನು ಶೇ. 7ರ ಚಕ್ರಬಡ್ಡಿಯಲ್ಲಿ ಇಟ್ಟಿದ್ದರೆ ಐದು ವರ್ಷಕ್ಕೆ ಸುಮಾರು 57,900 ರೂ. ಆಗುತ್ತಿತ್ತು.

ಇಂಧನ ಉಳಿತಾಯದಿಂದ ಇದನ್ನು ಸರಿದೂಗಿಸಬಹುದೇ? ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯವು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಂಪ್ಯೂಟರ್ ನಿಯಂತ್ರಿತ ಇಂಧನ ವ್ಯವಸ್ಥೆಯ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಇಂಧನ ಬಳಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ವೇಗ ಹೆಚ್ಚಿಸಿಕೊಳ್ಳುವ ಸಾಮರ್ಥ್ಯ ಮಾತ್ರ ಕುಗ್ಗಿತ್ತು. ಕಟ್ಟಿಕೊಂಡ ಫಿಲ್ಟರಿನಿಂದಲೇ ಇಂಧನ ನಷ್ಟವಾಗುವುದಿಲ್ಲವೆಂದರೆ, ಸುಸ್ಥಿತಿಯ ಫಿಲ್ಟರನ್ನು ಬದಲಿಸಿ ಇಂಧನ ಉಳಿಸುವ ಮಾತು ನಿಲ್ಲುವುದಿಲ್ಲ. ಜತೆಗೆ ಈ ಅಧ್ಯಯನ ಇನ್ನೊಂದು ವಿಷಯವನ್ನೂ ಸೂಚಿಸುತ್ತದೆ: ಕಳೆದುಹೋದ ಚುರುಕುತನವನ್ನು ಮರಳಿ ಪಡೆಯಲು 800 ರೂಪಾಯಿಯ ಹೊಸ ಕಾಗದದ ಫಿಲ್ಟರೇ ಅನೇಕ ವೇಳೆ ಸಾಕು.

ಪಟ್ಟಿಯಲ್ಲಿ ಕಾಣದ ಹೊಣೆಗಳು

ಲೆಕ್ಕಪತ್ರದಲ್ಲಿ ಸಂಭಾವ್ಯ ಹೊಣೆಗಾರಿಕೆ ಎಂಬ ಪರಿಕಲ್ಪನೆಯಿದೆ. ಇಂದು ಪಾವತಿಸಬೇಕಾಗಿಲ್ಲ, ನಾಳೆ ಒಂದು ಘಟನೆ ನಡೆದರೆ ಹೆಗಲೇರುತ್ತದೆ. ಇನ್‌ಟೇಕ್ ಬದಲಾವಣೆಯಲ್ಲಿ ಇಂತಹ ಹೊಣೆಗಳು ಮೂರು.

ಮೊದಲನೆಯದು ವಾರಂಟಿ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯಿದೆಯ ಪ್ರಕಾರ, ಹೊರಮಾರುಕಟ್ಟೆಯ ಭಾಗ ಬಳಸಿದ ಮಾತ್ರಕ್ಕೆ ತಯಾರಕರು ವಾರಂಟಿಯನ್ನು ನಿರಾಕರಿಸುವಂತಿಲ್ಲ. ವಿದೇಶಿ ಕಿಟ್ಟಿನ ಪೆಟ್ಟಿಗೆಯ ಮೇಲೆ ‘ವಾರಂಟಿಗೆ ಧಕ್ಕೆಯಿಲ್ಲ’ ಎಂದು ಅಚ್ಚಾಗಿದ್ದರೆ ಅದು ಆ ದೇಶದ ಕಾನೂನನ್ನು ಆಧರಿಸಿದ ಮಾತಾಗಿರುವ ಸಂಭವವೇ ಹೆಚ್ಚು. ನಮ್ಮಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರ ವಿರುದ್ಧ ನೀಡಿದ ಆದೇಶದಲ್ಲಿ, ಸ್ವತಂತ್ರ ಗ್ಯಾರೇಜಿನಲ್ಲಿ ದುರಸ್ತಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಕೂಡದೆಂದು ನಿರ್ದೇಶಿಸಿತ್ತು. ಆ ಆದೇಶ ಮೇಲ್ಮನವಿಗಳಿಗೂ ಒಳಗಾಯಿತು. ಆದರೆ ಅದು ಬಿಡಿಭಾಗ ಮತ್ತು ದುರಸ್ತಿಯ ವಿಷಯ. ಮೂಲ ವಿನ್ಯಾಸವನ್ನೇ ಬದಲಿಸಿದವರು ಅದರ ಆಶ್ರಯ ಪಡೆಯಬಹುದೆಂದು ಭಾವಿಸುವುದು ಸುರಕ್ಷಿತವಲ್ಲ. ವಾರಂಟಿ ಪುಸ್ತಕದ ‘ಮಾರ್ಪಾಡು’ ಕುರಿತ ಷರತ್ತನ್ನು ಓದಿ, ಸಂದೇಹವಿದ್ದರೆ ಡೀಲರರಿಂದ ಲಿಖಿತ ಉತ್ತರ ಪಡೆಯುವುದು ಒಳಿತು. ಬಾಯಿಮಾತಿನ ಭರವಸೆ ಸಾಲದು.

ಎರಡನೆಯದು ವಿಮೆ. ವಿಮೆಯ ಕರಾರು ಪರಮ ವಿಶ್ವಾಸದ ಕರಾರು. ವಾಹನದಲ್ಲಿ ಮಾಡಿದ ಮುಖ್ಯ ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ನಮೂದಿಸಿಕೊಳ್ಳಬೇಕು. ತಿಳಿಸದಿದ್ದರೆ ಕ್ಲೇಮಿನ ಸಮಯದಲ್ಲಿ ತಕರಾರಿಗೆ ಎಡೆಯಾಗುತ್ತದೆ. ಮೂರನೆಯ ಬಗೆಯ, ಬಂಪರಿನ ಹಿಂದೆ ತಗ್ಗಿನಲ್ಲಿ ಕೂರುವ ಫಿಲ್ಟರ್ ಇಲ್ಲಿ ವಿಶೇಷ ಅಪಾಯಕಾರಿ. ಕರಾವಳಿಯ ಮಳೆಗಾಲದಲ್ಲಿ, ಬೆಂಗಳೂರಿನ ಕೆಳಸೇತುವೆಗಳಲ್ಲಿ ನಿಂತ ನೀರನ್ನು ಅದು ಗಾಳಿಯ ಜತೆ ಹೀರಿಕೊಂಡರೆ ಎಂಜಿನ್ ಕ್ಷಣಮಾತ್ರದಲ್ಲಿ ಸ್ತಬ್ಧವಾಗುತ್ತದೆ. ನೀರು ಕುಗ್ಗದ ವಸ್ತುವಾದ್ದರಿಂದ ಪಿಸ್ಟನ್ನಿನ ದಂಡವೇ ಬಾಗಿಹೋಗಬಹುದು. ಸಾಮಾನ್ಯ ಪಾಲಿಸಿಗಳು ಇಂತಹ ಹಾನಿಯನ್ನು ಪರಿಣಾಮಜನ್ಯ ನಷ್ಟವೆಂದು ಪರಿಗಣಿಸಿ ಹೊರಗಿಡುತ್ತವೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಪಡೆದವರಿಗಷ್ಟೇ ಪರಿಹಾರ. ಮಾರ್ಪಾಡಿನಿಂದಲೇ ನೀರು ಒಳಬಂತೆಂದಾದರೆ ಆ ಹೆಚ್ಚುವರಿ ವಿಮೆಯೂ ಪ್ರಶ್ನೆಗೊಳಗಾಗಬಹುದು.

ಮೂರನೆಯದು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಮೂಲಕ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಿತು. ಮೂಲ ಪೆಟ್ಟಿಗೆಯಲ್ಲೇ ಫಿಲ್ಟರ್ ಬದಲಿಸಿದರೆ ನೋಂದಣಿ ಪತ್ರದ ಯಾವ ವಿವರವೂ ಬದಲಾಗುವುದಿಲ್ಲ. ಆದರೆ ಇಡೀ ವ್ಯವಸ್ಥೆ ಬದಲಿಸಿ ಶಬ್ದ ಅಥವಾ ಹೊಗೆಯ ಮಿತಿ ಮೀರಿದರೆ ಪ್ರಶ್ನೆ ಏಳುತ್ತದೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಮಾನಕದ ಕಾರುಗಳು ಅನುಮೋದನೆ ಪಡೆದಿರುವುದು ಅವುಗಳ ಮೂಲ ಇನ್‌ಟೇಕ್ ಸಹಿತವಾಗಿ. ಎಂಜಿನ್ನಿನೊಳಗಿನ ಆವಿಯನ್ನು ಮರಳಿ ಇನ್‌ಟೇಕಿಗೆ ತರುವ ಸಣ್ಣ ಕೊಳವೆಗಳನ್ನು ಕಿಟ್ ಜೋಡಿಸುವವರು ಬಿಟ್ಟರೆ ಹೊಗೆ ಪರೀಕ್ಷೆಯಲ್ಲೂ, ಎಂಜಿನ್ ಎಚ್ಚರಿಕೆ ದೀಪದಲ್ಲೂ ಅದು ಪ್ರಕಟವಾಗುತ್ತದೆ.

ಲೆಕ್ಕಪುಸ್ತಕದಲ್ಲಿ ಎಲ್ಲಿ ಬರೆಯಬೇಕು?

ಸಂಸ್ಥೆಯ ಕಾರಿಗೆ ಅವಧಿಗೆ ಸರಿಯಾಗಿ ಹಾಕಿಸಿದ ಕಾಗದದ ಫಿಲ್ಟರ್ ನಿಸ್ಸಂದೇಹವಾಗಿ ದುರಸ್ತಿ ವೆಚ್ಚ. ಸುಸ್ಥಿತಿಯಲ್ಲಿರುವ ಭಾಗವನ್ನು ತೆಗೆದು ಹೊಸ ಸೌಲಭ್ಯಕ್ಕಾಗಿ ಹಾಕಿಸಿದ 40,000 ರೂಪಾಯಿಯ ಕಿಟ್ ದುರಸ್ತಿಯಲ್ಲ. ವ್ಯವಹಾರದ ಉದ್ದೇಶವನ್ನು ತೋರಿಸಲಾಗದಿದ್ದರೆ ಅದು ಬಂಡವಾಳ ವೆಚ್ಚವಾಗಿಯೂ ನಿಲ್ಲುವುದು ಕಷ್ಟ. ಮಾಲೀಕರ ಅಥವಾ ಪಾಲುದಾರರ ಡ್ರಾಯಿಂಗ್ಸ್ ಖಾತೆಗೆ ಬರೆಯುವುದೇ ಪ್ರಾಮಾಣಿಕ ಮಾರ್ಗ.

ಜಿಎಸ್‌ಟಿಯಲ್ಲಿಯೂ ಹಾಗೆಯೇ. ಚಾಲಕನೂ ಸೇರಿ 13ಕ್ಕೆ ಮೀರದ ಆಸನಗಳ ಪ್ರಯಾಣಿಕ ವಾಹನ ಮತ್ತು ಅದರ ದುರಸ್ತಿ, ನಿರ್ವಹಣಾ ಸೇವೆಗಳ ಮೇಲೆ, ಕಾನೂನಿನಲ್ಲಿ ಹೇಳಿದ ವ್ಯವಹಾರಗಳನ್ನು ಬಿಟ್ಟು, 17(5)ನೆಯ ಕಲಮಿನಡಿ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಬಿಡಿಭಾಗವನ್ನು ಪ್ರತ್ಯೇಕವಾಗಿ ಕೊಂಡರೆ ವಾದಕ್ಕೆ ಎಡೆಯಿದೆ ಎನ್ನಬಹುದು; ಆದರೆ ವ್ಯವಹಾರಕ್ಕೆ ಬಳಸಿದ್ದೆಂಬ ಮೂಲ ಷರತ್ತನ್ನು ಇಂತಹ ಕಿಟ್ ದಾಟಲಾರದು. ಕೆಲವೇ ಸಾವಿರ ರೂಪಾಯಿಗಳ ಜಮೆಗಾಗಿ ಬಡ್ಡಿ ಸಹಿತ ನೋಟಿಸು ಬರಮಾಡಿಕೊಳ್ಳುವುದು ಜಾಣತನವಲ್ಲ. ಬಿಡಿಭಾಗಗಳನ್ನು ಮಾರಾಟಕ್ಕಾಗಿಯೇ ತರಿಸುವ ವರ್ತಕರಿಗೆ ಈ ನಿರ್ಬಂಧವಿಲ್ಲ.

ಆ ವರ್ತಕರಿಗೂ ತಯಾರಕರಿಗೂ ಒಂದು ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದಾರಿತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ 10 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. ‘ಶೇ. 10 ಶಕ್ತಿ’ ಎಂದು ಅಚ್ಚು ಹಾಕಿಸುವ ಬದಲು ಐಎಸ್‌ಒ 5011 ವರದಿಯ ಮೂರು ಅಂಕಿಗಳನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದರೆ ಕಾನೂನಿನ ಭಯವೂ ಇಲ್ಲ, ಗ್ರಾಹಕರ ವಿಶ್ವಾಸವೂ ಉಳಿಯುತ್ತದೆ.

ಕೊಳ್ಳಲೇಬೇಕೆಂದಿದ್ದರೆ

ಹವ್ಯಾಸಕ್ಕೆ ಖರ್ಚು ಮಾಡುವುದು ತಪ್ಪಲ್ಲ. ಅದನ್ನು ಹವ್ಯಾಸವೆಂದೇ ಕರೆದು, ಸ್ವಂತ ಜೇಬಿನಿಂದ ಮಾಡಿದರೆ ಸಾಕು. ಅಂತಹವರು ಈ ಕ್ರಮವನ್ನು ಅನುಸರಿಸಬಹುದು.

1. ಮೊದಲು ಹೊಸ ಮೂಲ ಫಿಲ್ಟರ್ ಹಾಕಿಸಿ, ನೀರಿನ ನಳಿಕೆಯಿಂದ ತಡೆಯನ್ನು ಅಳೆಸಿ, ಲಾಭದ ಮೇಲ್ಮಿತಿಯನ್ನು ತಿಳಿದುಕೊಳ್ಳಿ.

2. ವಾರಂಟಿಯ ಅವಧಿ ಮುಗಿಯುವವರೆಗೆ ಕಾಯಿರಿ, ಇಲ್ಲವೆ ಮೂಲ ಪೆಟ್ಟಿಗೆಯಲ್ಲೇ ಕೂರುವ ಬದಲಿ ಫಿಲ್ಟರಿಗೆ ತೃಪ್ತರಾಗಿ.

3. ಪೂರ್ಣ ಕಿಟ್ ಬೇಕಾದರೆ ಮುಚ್ಚಿದ ಪೆಟ್ಟಿಗೆಯದನ್ನೇ ಆರಿಸಿ. ಬಾನೆಟ್ಟಿನ ಒಳಗಿನ ತೆರೆದ ಫಿಲ್ಟರ್ ಮತ್ತು ಬಂಪರಿನ ಹಿಂದಿನ ತಗ್ಗಿನ ಫಿಲ್ಟರ್, ಎರಡೂ ನಮ್ಮ ಶಾಖಕ್ಕೆ, ಮಳೆಗೆ ಒಗ್ಗುವುದಿಲ್ಲ.

4. ಐಎಸ್‌ಒ 5011 ವರದಿ, ನಿಮ್ಮ ಕಾರಿನ ಮಾದರಿಗೆಂದೇ ತಯಾರಾದ ಕಿಟ್ ಎಂಬ ಲಿಖಿತ ದೃಢೀಕರಣ, ಮತ್ತು ಜಿಎಸ್‌ಟಿ ಸಹಿತ ಬಿಲ್ಲು, ಈ ಮೂರೂ ಇಲ್ಲದೆ ಹಣ ಪಾವತಿಸಬೇಡಿ.

5. ಜೋಡಣೆಯ ನಂತರ ಕೊಳವೆಯ ಒಳಭಾಗವನ್ನು ಬಿಳಿ ಬಟ್ಟೆಯಿಂದ ಸವರಿ ನೋಡಿ, 1,000 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಸವರಿ. ಫಿಲ್ಟರಿನ ನಂತರದ ಕೊಳವೆಯಲ್ಲಿ ಧೂಳು ಕಂಡರೆ ಆ ಕಿಟ್ಟನ್ನು ತೆಗೆಸಿ.

6. ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಜೋಪಾನವಾಗಿಡಿ. ಕಾರು ಮಾರುವಾಗ ಮೂಲ ಸ್ಥಿತಿಯಲ್ಲಿರುವ ಕಾರನ್ನು ಕೊಳ್ಳುವವರೇ ಹೆಚ್ಚು.

7. ವಿಮಾ ಕಂಪನಿಗೆ ಪತ್ರ ಬರೆದು ಸ್ವೀಕೃತಿ ಪಡೆಯಿರಿ.

ಕೊನೆಯದಾಗಿ, ಕಾರಿನಾಚೆಗಿನ ಒಂದು ವಿಷಯ. ಮೇಲೆ ಹೇಳಿದ ಐಎಸ್‌ಒ 5011 ಮಾನಕವು ಎಂಜಿನ್ನುಗಳಿಗೆ ಮಾತ್ರವಲ್ಲ, ಕಂಪ್ರೆಸರುಗಳ ಗಾಳಿ ಶುದ್ಧೀಕರಣ ಸಾಧನಗಳಿಗೂ ಅನ್ವಯವಾಗುತ್ತದೆ. ಮನೆಯ ಕಾರಿಗೆ 40,000 ರೂ.ಗಳ ಇನ್‌ಟೇಕ್ ಹಾಕಿಸುವ ಸಂಸ್ಥೆಗಳಲ್ಲಿಯೂ ಶೆಡ್ಡಿನ ಮೂಲೆಯ ಕಂಪ್ರೆಸರಿನಲ್ಲಿ, ಡೀಸೆಲ್ ಜನರೇಟರಿನಲ್ಲಿ ವರ್ಷಾನುಗಟ್ಟಲೆ ಬದಲಿಸದ ಫಿಲ್ಟರುಗಳು ಇರಬಹುದು. ದಿನಕ್ಕೆ ಎಂಟು ಹತ್ತು ಗಂಟೆ ದುಡಿಯುವ, ಉತ್ಪಾದನೆಯನ್ನೇ ಆಧರಿಸಿರುವ ಯಂತ್ರಗಳವು. ಈ ಲೇಖನ ಓದಿದ ಸದಸ್ಯರು ಕಾರಿನ ಬಾನೆಟ್ ತೆರೆಯುವ ಮೊದಲು ಆ ಎರಡು ಫಿಲ್ಟರುಗಳನ್ನು ಹೊರತೆಗೆಸಿ ನೋಡುವುದು ಹೆಚ್ಚು ಲಾಭದಾಯಕವೆಂದು ಸೂಚಿಸಬಯಸುತ್ತೇನೆ.